ಕೊಟ್ಟಿಗೆಗೆ ನೆಲದೊಳಗಿನ ಕರೆಂಟು

ಕೇಳುಗರೇ, ನಮಸ್ಕಾರ.

ನಮ್ಮದು ಸಾಗರದ ಕಡೆ ಅಡಿಕೆ ತೋಟ. ಮೊದಲು ಕೊಟ್ಟಿಗೆ ಮನೆಗೆ ತಾಗಿಕೊಂಡೇ ಇತ್ತು. ಹಸು ಜಾಸ್ತಿಯಾದ ಮೇಲೆ ತೋಟದ ಆಚೆ ಅಂಚಿಗೆ ಹೊಸ ಕೊಟ್ಟಿಗೆ ಕಟ್ಟಿದೆವು. ಮನೆಯಿಂದ ಅಲ್ಲಿಗೆ 300 ಮೀಟರ್. ಹುಲ್ಲು ಕತ್ತರಿಸುವ ಮೆಷಿನ್ನು, ನಾಲ್ಕು ಬಲ್ಬು, ಇಷ್ಟಕ್ಕೆ ಕರೆಂಟು ಬೇಕಿತ್ತು. ನಮ್ಮ ಕಡೆ ಸುಮಾರು ಜನ ಮಾಡುವುದನ್ನೇ ನಾವೂ ಮಾಡಿದೆವು. ಮರದಿಂದ ಮರಕ್ಕೆ ಸರ್ವಿಸ್ ವೈರು ಎಳೆದೆವು.

ಆಷಾಢದ ಒಂದು ರಾತ್ರಿ ಗಾಳಿಗೆ ಅಡಿಕೆ ಸೋಗೆ ಆ ವೈರಿನ ಮೇಲೆ ಬಿತ್ತು. ವೈರಿನ ಸಿಪ್ಪೆ ಕಿತ್ತು, ಒಳಗಿನ ತಂತಿ ಕೊಟ್ಟಿಗೆಯ ತಗಡಿಗೆ ತಾಗಿತು. ತಗಡಿನಿಂದ ಕಬ್ಬಿಣದ ಕಂಬಕ್ಕೆ, ಕಂಬದಿಂದ ಗೋದಲಿಯ ಪೈಪಿಗೆ ಕರೆಂಟು ಹರಿಯಿತು. ಬೆಳಗಿನ ಜಾವ ನಾನು ಚೊಂಬು ಹಿಡಿದು ಹೋದಾಗ ಗೌರಿ ಅಡ್ಡ ಬಿದ್ದಿತ್ತು. ಅದೊಂದನ್ನೇ ಸರಪಳಿಯಲ್ಲಿ ಪೈಪಿಗೆ ಕಟ್ಟಿದ್ದು. ಹಗ್ಗದಲ್ಲಿ ಕಟ್ಟಿದ್ದ ಬೇರೆ ಎರಡು ಹಸುಗಳು ನಡುಗುತ್ತಾ ನಿಂತಿದ್ದವು. ದಿನಾ ಬೆಳಗ್ಗೆ ನಾನು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಕೈ ಊರುತ್ತಿದ್ದದ್ದು ಅದೇ ಪೈಪಿಗೆ.

ಆಮೇಲೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ಮನೆಯ ಬೋರ್ಡಿನಲ್ಲಿ 16 ಆಂಪಿಯರ್‌ನ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು ಇತ್ತಲ್ಲ, ಅದು ಯಾಕೆ ಬೀಳಲಿಲ್ಲ? ತಿಳಿದವರೊಬ್ಬರು ಕೂರಿಸಿಕೊಂಡು ಲೆಕ್ಕ ಹಾಕಿ ತೋರಿಸಿದರು. ಕಂಬದಿಂದ ನೆಲಕ್ಕೆ ಹೋಗುವ ದಾರಿಯ ತಡೆ 100 ಓಮ್ ಅಂದುಕೊಳ್ಳಿ. 230 ವೋಲ್ಟಿಗೆ ಹರಿಯುವ ಕರೆಂಟು ಬರೀ 2.3 ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ನಾಲ್ಕೈದು ಬಲ್ಬು ಉರಿಯುತ್ತಿವೆ ಅಂತ ಸುಮ್ನೆ ಇರುತ್ತದೆ. ಎಂಸಿಬಿ ಇರುವುದು ವೈರು ಸುಡದಂತೆ ಕಾಯಲಿಕ್ಕೆ. ಜೀವ ಕಾಯುವ ಕೆಲಸ ಆರ್‌ಸಿಸಿಬಿಯದು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿದರೆ, ಅಷ್ಟು ಕರೆಂಟು ದಾರಿ ತಪ್ಪಿ ನೆಲಕ್ಕೆ ಸೋರಿದ ಕೂಡಲೇ ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. ನನ್ನ ಕೊಟ್ಟಿಗೆಯಲ್ಲಿ ಅದು ಇರಲಿಲ್ಲ. ಇವತ್ತು ನಿಮ್ಮ ಕೊಟ್ಟಿಗೆಯಲ್ಲಿ ಇದೆಯಾ, ದಯವಿಟ್ಟು ಹೋಗಿ ನೋಡಿ. ಅದರ ಮೇಲೆ ಒಂದು ಸಣ್ಣ ಟೆಸ್ಟ್ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದಾ ಅಂತ ನೋಡಬೇಕು.

ಮರದ ಮೇಲಿನ ವೈರು ಅವತ್ತೇ ಬಿಚ್ಚಿದೆ. ನೆಲದೊಳಗೆ ತರೋಣ ಅಂದುಕೊಂಡೆ. ಆದರೆ ಮೊದಲ ಸಲ ಅವಸರ ಮಾಡಿದೆ. ಒಂದು ಅಡಿ ಆಳ ತೋಡಿ, ನೀರಿನ ಪೈಪಿನೊಳಗೆ ಮಾಮೂಲಿ ವೈರು ತೂರಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪೈಪಿನ ತುಂಬ ನೀರು. ನಡುವೆ ಹಾಕಿದ್ದ ಜಾಯಿಂಟು ಕೊಳೆತು ಹಸಿರುಗಟ್ಟಿತ್ತು. ಇನ್ನೊಂದು ಕಡೆ ಹೆಗ್ಗಣ ಕಚ್ಚಿತ್ತು. ಹಾಕಿದ ದುಡ್ಡೆಲ್ಲ ನೀರಿಗೆ ಹೋಯಿತು.

ಎರಡನೇ ಸಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆದು, ಅವರ ಜೊತೆಗೇ ನಿಂತು ಕೆಲಸ ಮಾಡಿಸಿದೆ. ಅವರು ಮೊದಲು ಕೇಳಿದ್ದು ಆಳವನ್ನಲ್ಲ, ದೂರವನ್ನು. ಕರೆಂಟು ದೂರ ಹೋದಷ್ಟೂ ದಾರಿಯಲ್ಲಿ ವೋಲ್ಟೇಜು ಸವೆಯುತ್ತದೆ. ನಮ್ಮ ಹುಲ್ಲಿನ ಮೆಷಿನ್ನಿನದು 1 ಎಚ್‌ಪಿ ಸಿಂಗಲ್ ಫೇಸ್ ಮೋಟರು. ಓಡುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ. ಕೊಟ್ಟಿಗೆ 300 ಮೀಟರ್ ದೂರ ಅಂದರೆ ಕರೆಂಟಿನ ದಾರಿ ಹೋಗುತ್ತಾ ಬರುತ್ತಾ 600 ಮೀಟರ್. 4 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಕೇಬಲ್ಲಾದರೆ ದಾರಿಯಲ್ಲೇ 31 ವೋಲ್ಟ್ ಹೋಗುತ್ತದೆ. ಮನೆಯಲ್ಲಿ 230 ಇದ್ದರೆ ಕೊಟ್ಟಿಗೆಯಲ್ಲಿ 200 ಸಹ ಇಲ್ಲ. ಮೋಟರು ಶುರುವಾಗುವ ಗಳಿಗೆಯಲ್ಲಿ ಅದಕ್ಕೆ ನಾಲ್ಕೈದು ಪಟ್ಟು ಕರೆಂಟು ಬೇಕು. ಆಗ ವೋಲ್ಟೇಜು ಕುಸಿದು, ಮೋಟರು ತಿರುಗದೆ ಗುಂಯ್ ಅಂತ ಒದ್ದಾಡುತ್ತದೆ. ವೈಂಡಿಂಗ್ ಸುಡುವುದು ಹಾಗೆಯೇ. 16 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 8 ವೋಲ್ಟಿಗೆ ಇಳಿಯುತ್ತದೆ. ಕೇಬಲ್ಲಿಗೆ ದುಡ್ಡು ಜಾಸ್ತಿ ಬಿತ್ತು, ನಿಜ. ಆದರೆ ನಾಳೆ ಹಾಲು ಕರೆಯುವ ಮೆಷಿನ್ನು ತಂದರೂ ಮತ್ತೆ ನೆಲ ಅಗೆಯುವ ಹಾಗಿಲ್ಲ.

ತಂದದ್ದು ಆರ್ಮರ್ಡ್ ಕೇಬಲ್. ಒಳಗಿನ ತಂತಿಗಳ ಸುತ್ತ ಉಕ್ಕಿನ ತಂತಿಯ ಕವಚ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ಕು. ಹೆಗ್ಗಣದ ಹಲ್ಲು ಉಕ್ಕಿನವರೆಗೆ ಬಂದು ನಿಲ್ಲುತ್ತದೆ. ಆ ಕವಚವನ್ನು ಅರ್ಥಿಂಗಿಗೆ ಸೇರಿಸಲೇಬೇಕು. ಆಗ ಯಾರಾದರೂ ಗುದ್ದಲಿ ಹಾಕಿದರೂ ಗುದ್ದಲಿ ಮೊದಲು ತಾಗುವುದು ಕವಚಕ್ಕೆ. ಅದರಾಚೆ ಒಳಗಿನ ತಂತಿಗೆ ತಾಗಿದ ಕ್ಷಣ ಕರೆಂಟು ಕಡಿಯುತ್ತದೆ.

ಆಳದ ವಿಷಯಕ್ಕೆ ಬರುತ್ತೇನೆ. ಇಂಥ ಕೇಬಲ್ಲಿಗೆ ಭಾರತೀಯ ಮಾನಕ ಐಎಸ್ 1255 ಹೇಳುವುದು 75 ಸೆಂಟಿಮೀಟರ್, ಅಂದರೆ ಎರಡೂವರೆ ಅಡಿ. ದಾರಿ ದಾಟುವ ಕಡೆ 1 ಮೀಟರ್. ಅಡಿಕೆ ತೋಟದವರು ಇಲ್ಲೊಂದು ಮಾತು ಗಮನಿಸಬೇಕು. ನಮ್ಮ ಬಸಿಗಾಲುವೆಗಳೇ ಎರಡು ಮೂರು ಅಡಿ ಆಳ ಇರುತ್ತವೆ, ಪ್ರತಿ ವರ್ಷ ಅವುಗಳ ಹೂಳು ತೆಗೆಯುತ್ತೇವೆ. ಕಾಲುವೆ ದಾಟುವ ಕಡೆ ಆಳವನ್ನು ಮೇಲಿನ ಬದುವಿನಿಂದ ಅಳೆಯಬೇಡಿ, ಕಾಲುವೆಯ ತಳದಿಂದ ಅಳೆಯಿರಿ. ಅಲ್ಲಿ ನಾವು ಕೇಬಲ್ಲನ್ನು ಗಟ್ಟಿ ಪೈಪಿನೊಳಗೆ ಹಾಯಿಸಿದೆವು.

ಕೇಬಲ್ಲಿಗೆಂದು ತೋಡಿದ ಕಾಲುವೆಗೆ ಮೊದಲು ಮೂರು ಇಂಚು ಮರಳು. ಅದರ ಮೇಲೆ ಕೇಬಲ್. ಮತ್ತೆ ಮರಳು, ಮೇಲೆ ಅಡ್ಡಡ್ಡ ಇಟ್ಟಿಗೆ, ಆಮೇಲೆ ಮಣ್ಣು. ನಮ್ಮದು ಜಂಬಿಟ್ಟಿಗೆ ನೆಲ. ಚೂಪು ಕಲ್ಲು ಒಂದು ಉಳಿದರೂ ವರ್ಷಾನುಗಟ್ಟಲೆ ಕೇಬಲ್ಲನ್ನು ಒತ್ತುತ್ತಲೇ ಇರುತ್ತದೆ. ಅದಕ್ಕೇ ಮರಳು. ನೆಲಕ್ಕೆ ಇನ್ನೊಂದು ಅಡಿ ಇದೆ ಅನ್ನುವಾಗ ಬಣ್ಣದ ಎಚ್ಚರಿಕೆ ಪಟ್ಟಿ ಹಾಸಿದೆವು. ಅಗೆಯುವವರ ಕಣ್ಣಿಗೆ ಮೊದಲು ಅದೇ ಬೀಳಬೇಕು. ನಡುವೆ ಒಂದೂ ಜಾಯಿಂಟ್ ಇಲ್ಲ, ಇಡೀ ಉದ್ದ ಒಂದೇ ಕೇಬಲ್. ಎರಡೂ ತುದಿಯಲ್ಲಿ ಒಂದೊಂದು ಸುತ್ತು ಹೆಚ್ಚಿಗೆ ಬಿಟ್ಟಿದ್ದೇವೆ. ಮಣ್ಣು ಮುಚ್ಚುವ ಮೊದಲು ಮೆಗ್ಗರ್, ಅಂದರೆ ಕೇಬಲ್ಲಿನ ಸಿಪ್ಪೆಯಲ್ಲಿ ಕರೆಂಟು ಸೋರುತ್ತದಾ ಅಂತ ಅಳೆಯುವ ಯಂತ್ರ, ಹಾಕಿ ನೋಡಿದರು, ಮುಚ್ಚಿದ ಮೇಲೆ ಇನ್ನೊಮ್ಮೆ ನೋಡಿದರು.

ಕೊಟ್ಟಿಗೆಗೆ ಅದರದ್ದೇ ಅರ್ಥಿಂಗ್ ಬೇಕು. ಮನೆಯದ್ದೊಂದನ್ನೇ ನಂಬಿ ಕೂರಬಾರದು. ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನು ಇದ್ದಿಲು, ಉಪ್ಪು ಹಾಕಿ ಹೂತೆವು. ಬೇಸಿಗೆಯಲ್ಲಿ ಜಂಬಿಟ್ಟಿಗೆ ಒಣಗಿದರೆ ಅರ್ಥಿಂಗ್ ಸತ್ತಂತೆ. ಹಾಗಾಗಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯುತ್ತೇನೆ. ಗೋದಲಿಯ ಪೈಪು, ಕಬ್ಬಿಣದ ಕಂಬ, ತಗಡು, ನೀರಿನ ನಲ್ಲಿ ಎಲ್ಲವನ್ನೂ ದಪ್ಪ ತಂತಿಯಿಂದ ಒಂದಕ್ಕೊಂದು ಬೆಸೆದು ಆ ಅರ್ಥಿಂಗಿಗೆ ಸೇರಿಸಿದ್ದೇವೆ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರ್ ಅಂತರ. ಎದೆ ಅವೆರಡರ ನಡುವೆ ಇದೆ. ಗೊರಸು ಯಾವಾಗಲೂ ಒದ್ದೆ. ನಮಗೆ ಬರೀ ಜುಮ್ಮೆನ್ನುವಷ್ಟು ಕರೆಂಟು ಹಸುವನ್ನು ಕೆಡವಬಹುದು. ಹಸು ಗೋದಲಿಗೆ ಬಾಯಿ ಹಾಕಲು ಹೆದರಿದರೆ, ನೀರು ಕುಡಿಯುವಾಗ ಬೆಚ್ಚಿ ಹಿಂದೆ ಸರಿದರೆ, ಹಟ ಮಾಡುತ್ತಿದೆ ಅಂದುಕೊಳ್ಳಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ನರಿಗೆ ಫೋನ್ ಮಾಡಿ.

ಒಂದು ಮಾತು ಬಿಟ್ಟುಹೋಗುತ್ತಿತ್ತು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಕೊಡುವ ಉಚಿತ ಕರೆಂಟನ್ನು ಕೊಟ್ಟಿಗೆಗೆ ಎಳೆಯುವಂತಿಲ್ಲ. ನಾವು ತಂದಿರುವುದು ಮನೆಯ ಮೀಟರಿನಿಂದ, ಎಸ್ಕಾಂ ಕಚೇರಿಯಲ್ಲಿ ಕೇಳಿಕೊಂಡೇ.

ಕೇಬಲ್ ಹೋದ ದಾರಿಯಲ್ಲಿ 30 ಮೀಟರಿಗೊಂದರಂತೆ ಕಲ್ಲು ನೆಟ್ಟು ಕೆಂಪು ಬಣ್ಣ ಬಳಿದಿದ್ದೇನೆ. ಮಗಳು ಅದರ ನಕ್ಷೆ ಬರೆದು, ಯಾವ ಕಲ್ಲಿನಿಂದ ಯಾವ ಮರಕ್ಕೆ ಎಷ್ಟು ಹೆಜ್ಜೆ ಅಂತ ಗುರುತು ಹಾಕಿ, ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದಾಳೆ. ಕಳೆದ ಬೇಸಿಗೆಯಲ್ಲಿ ಜೆಸಿಬಿ ಬಂದಾಗ ಡ್ರೈವರು ಅದನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡೇ ತೋಟಕ್ಕೆ ಇಳಿದರು.

ನೀವೂ ಈ ಕೆಲಸ ಮಾಡಿಸುವುದಿದ್ದರೆ ಅಡಿಕೆ ಕೊಯ್ಲು ಮುಗಿದ ಕೂಡಲೇ ಹಿಡಿಯಿರಿ. ಮೊದಲ ಮಳೆ ಬಿದ್ದರೆ ತೋಡಿದ ಕಾಲುವೆಯಲ್ಲಿ ನೀರು ನಿಲ್ಲುತ್ತದೆ, ಮರಳು ನಿಲ್ಲುವುದಿಲ್ಲ.

ನಮಸ್ಕಾರ.