ಎಣಿಕೆಯಲ್ಲಿ ಗೆದ್ದ ಚಿತ್ರಗಳು

ಕೇಳುಗರಿಗೆ ನಮಸ್ಕಾರ.

2006ರ ಮಾರ್ಚ್ 5. ಲಾಸ್ ಏಂಜಲೀಸ್‌ನಲ್ಲಿ ಆಸ್ಕರ್ ಸಮಾರಂಭದ ಕೊನೆಯ ಲಕೋಟೆ, ಅತ್ಯುತ್ತಮ ಚಿತ್ರದ್ದು, ನಟ ಜ್ಯಾಕ್ ನಿಕಲ್ಸನ್ ಅವರ ಕೈಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ಆಂಗ್ ಲೀ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಹಿಡಿದು ವೇದಿಕೆ ಇಳಿದಿದ್ದರು. ಅವರ ‘ಬ್ರೋಕ್‌ಬ್ಯಾಕ್ ಮೌಂಟನ್’ಗೆ ವೆನಿಸ್ ಉತ್ಸವದ ಚಿನ್ನದ ಸಿಂಹ ಸಿಕ್ಕಿತ್ತು, ಗೋಲ್ಡನ್ ಗ್ಲೋಬ್ ಸಿಕ್ಕಿತ್ತು, ಬ್ರಿಟನ್ನಿನ ಬಾಫ್ಟಾ ಸಿಕ್ಕಿತ್ತು. ಅಮೆರಿಕದ ನಿರ್ಮಾಪಕರ ಸಂಘ, ನಿರ್ದೇಶಕರ ಸಂಘ ಎರಡೂ ಅದನ್ನೇ ಆರಿಸಿದ್ದವು. ಇನ್ನು ಹೆಸರು ಓದುವುದೊಂದೇ ಬಾಕಿ ಅನ್ನುವ ಹಾಗಿತ್ತು. ನಿಕಲ್ಸನ್ ಓದಿದ ಹೆಸರು ‘ಕ್ರ್ಯಾಷ್’. ಓದಿದವರ ಮುಖದಲ್ಲೇ ಆಶ್ಚರ್ಯ ಕಾಣುತ್ತಿತ್ತು.

ಅರ್ಹತೆಯಿಲ್ಲದ ಚಿತ್ರಕ್ಕೆ ಅಗ್ರ ಬಹುಮಾನ ಬಂತು ಎಂಬ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಈ ಹೆಸರೇ. ಅದು ಯಾಕೆ ಗೆದ್ದಿತು ಅಂತ ಕೇಳಿದರೆ ಮಾತ್ರ ಉತ್ತರ ಚಿತ್ರದೊಳಗೆ ಪೂರ್ತಿ ಸಿಗುವುದಿಲ್ಲ. ಎಣಿಕೆಯ ಮೇಜಿನ ಹತ್ತಿರ ಹೋಗಬೇಕಾಗುತ್ತದೆ.

ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯನ್ನು ನೆನಪಿಸಿಕೊಳ್ಳಿ. 1970ರಲ್ಲಿ ‘ಸಂಸ್ಕಾರ’, 1975ರಲ್ಲಿ ‘ಚೋಮನ ದುಡಿ’, 1977ರಲ್ಲಿ ‘ಘಟಶ್ರಾದ್ಧ’ ದೇಶದ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡದ್ದು ಒಂದು ತೀರ್ಪುಗಾರರ ಮಂಡಳಿಯಿಂದ. ಕೆಲವೇ ಜನ ಒಟ್ಟಿಗೆ ಕೂತು ಚಿತ್ರ ನೋಡುತ್ತಾರೆ, ವಾದ ಮಾಡುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಮನಸ್ಸು ಬದಲಿಸುತ್ತಾರೆ. ಫ್ರಾನ್ಸಿನ ಕಾನ್ ಉತ್ಸವವೂ ಹೀಗೆಯೇ. ತೀರ್ಪು ತಪ್ಪಾದರೆ ಯಾರನ್ನು ಕೇಳಬೇಕು ಅನ್ನುವುದಾದರೂ ಗೊತ್ತಿರುತ್ತದೆ. ಆಸ್ಕರ್ ಹಾಗಲ್ಲ, ಅದು ಚುನಾವಣೆ. ಅದನ್ನು ಕೊಡುವ ಅಕಾಡೆಮಿ ಎಂಬ ಸಂಸ್ಥೆಯ ಸಾವಿರಾರು ಸದಸ್ಯರು ತಂತಮ್ಮ ಮನೆಯಲ್ಲಿ ಕೂತು ಮತ ಹಾಕುತ್ತಾರೆ. ಚರ್ಚೆ ಇಲ್ಲ, ಸಭೆ ಇಲ್ಲ. ಯಾವ ಚಿತ್ರಕ್ಕೆ ಎಷ್ಟು ಮತ ಬಂತೆಂಬುದನ್ನು ಅಕಾಡೆಮಿ ಪ್ರಕಟಿಸುವುದೇ ಇಲ್ಲ. ಹಾಗಾಗಿ ಕಾರಣಗಳ ಬಗ್ಗೆ ನಾನು ಇಲ್ಲಿ ಹೇಳುವುದರಲ್ಲಿ ಒಂದಷ್ಟು ಊಹೆ ಇದ್ದೇ ಇರುತ್ತದೆ.

ಮೊದಲು ‘ಕ್ರ್ಯಾಷ್’. ಆಗ ಅಕಾಡೆಮಿಯಲ್ಲಿ ಮತದಾರರು ಸುಮಾರು 5,800. ಕಣದಲ್ಲಿ ಐದು ಚಿತ್ರ. ಒಬ್ಬರಿಗೆ ಒಂದೇ ಮತ, ಹೆಚ್ಚು ಬಂದದ್ದಕ್ಕೆ ಬಹುಮಾನ. ಮತ ಐದು ಪಾಲಾಗಿ ಚದುರಿದರೆ, ಲೆಕ್ಕದ ಪ್ರಕಾರ ಸಾವಿರದ ಇನ್ನೂರರ ಆಸುಪಾಸು ಮತ ಸಾಕು. ಉಳಿದ ನಾಲ್ಕೂವರೆ ಸಾವಿರ ಜನ ಬೇರೆ ಚಿತ್ರ ಬಯಸಿದ್ದರೂ ಅಡ್ಡಿಯಿಲ್ಲ. ಇನ್ನು ಈ ಮತದಾರರು ಯಾರು? ಅಕಾಡೆಮಿಯಲ್ಲಿ ನಟರ ವಿಭಾಗವೇ ಎಲ್ಲಕ್ಕಿಂತ ದೊಡ್ಡದು. ‘ಕ್ರ್ಯಾಷ್’ನಲ್ಲಿ ಒಬ್ಬ ನಾಯಕ ಅಂತಿಲ್ಲ, ಹತ್ತಾರು ನಟರಿಗೆ ಒಂದೊಂದು ಒಳ್ಳೆಯ ಪಾತ್ರ. ಕಥೆ ನಡೆಯುವುದು ಬಹುಪಾಲು ಮತದಾರರು ಬದುಕುವ ಲಾಸ್ ಏಂಜಲೀಸ್‌ನಲ್ಲೇ. ವಿತರಕರಾದ ಲಯನ್ಸ್‌ಗೇಟ್‌ನವರು ನಟರ ಸಂಘದ ಸದಸ್ಯರಿಗೆ ಒಂದು ಲಕ್ಷಕ್ಕೂ ಹೆಚ್ಚು ಡಿವಿಡಿ ಕಳುಹಿಸಿದರು. ಚಿತ್ರ ಮೇ ತಿಂಗಳಲ್ಲೇ ತೆರೆಕಂಡಿದ್ದರಿಂದ ಡಿವಿಡಿ ಆಗಲೇ ಸಿದ್ಧವಿತ್ತು, ನಕಲಾಗುತ್ತದೆ ಎಂಬ ಹೆದರಿಕೆಯೂ ಇರಲಿಲ್ಲ. ಜನವರಿಯಲ್ಲಿ ನಟರ ಸಂಘ ತನ್ನ ದೊಡ್ಡ ಪ್ರಶಸ್ತಿಯನ್ನು ಇದೇ ಚಿತ್ರದ ಇಡೀ ತಾರಾಗಣಕ್ಕೆ ಕೊಟ್ಟಿತು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬ ಸುಳಿವು ಸಿಕ್ಕಿದ್ದು ಅಲ್ಲಿ.

ಇನ್ನೊಂದು ಕಡೆ, ಇಬ್ಬರು ದನಗಾಹಿ ಗಂಡಸರ ಪ್ರೇಮದ ಕಥೆಯಾದ ‘ಬ್ರೋಕ್‌ಬ್ಯಾಕ್’ ಅನ್ನು ನೋಡುವುದೇ ಇಲ್ಲ ಎಂದವರಿದ್ದರು. 1955ರ ‘ಮಾರ್ಟಿ’ಗೆ ಆಸ್ಕರ್ ಪಡೆದಿದ್ದ ಹಿರಿಯ ನಟ ಅರ್ನೆಸ್ಟ್ ಬೋರ್ಗ್ನೈನ್ ಅದನ್ನು ಬಹಿರಂಗವಾಗಿಯೇ ಹೇಳಿದರು. ನೋಡದೆ ಮತ ಹಾಕಲು ಆಗ ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ.

ಚಿತ್ರವಾಗಿ ‘ಕ್ರ್ಯಾಷ್’ ಎಲ್ಲಿ ಸೋಲುತ್ತದೆ? ಕಾಕತಾಳೀಯದಲ್ಲಿ. ರಾತ್ರಿ ಕಾರು ನಿಲ್ಲಿಸಿ ಒಬ್ಬ ಹೆಂಗಸಿನ ಮಾನಗೆಡಿಸುವ ಪೊಲೀಸನೇ ಮರುದಿನ ಉರಿಯುವ ಕಾರಿನಿಂದ ಅದೇ ಹೆಂಗಸನ್ನು ಎಳೆದು ಉಳಿಸುತ್ತಾನೆ. ಹತ್ತಿರ ಹತ್ತಿರ ನಲವತ್ತು ಲಕ್ಷ ಜನರ ಊರಿನಲ್ಲಿ! ಒಮ್ಮೆ ಆದರೆ ಕಥೆಗಾರನ ಸ್ವಾತಂತ್ರ್ಯ ಅನ್ನೋಣ, ಇಲ್ಲಿ ಎಲ್ಲರಿಗೂ ಹಾಗೆಯೇ ಆಗುತ್ತದೆ. ಪಾತ್ರಗಳು ಎದುರಾದ ಕ್ಷಣವೇ ಮನಸ್ಸಿನ ಜನಾಂಗದ್ವೇಷವನ್ನು ಬಾಯಿಬಿಟ್ಟು ಆಡುತ್ತವೆ. ನಿಜ ಬದುಕಿನಲ್ಲಿ ಅದು ನಯವಾದ ಮಾತಿನ ಹಿಂದೆ ಅಡಗಿ ಕೂರುತ್ತದೆ, ಕಷ್ಟ ಇರುವುದೇ ಅಲ್ಲಿ. ಆದರೂ ಬೀಗ ರಿಪೇರಿಯವನ ಪುಟ್ಟ ಮಗಳ ದೃಶ್ಯ ಇಂದಿಗೂ ಎದೆ ಹಿಡಿಯುತ್ತದೆ. ಅದಕ್ಕೆ ಬೇಕಾದ ತಯಾರಿಯನ್ನು ಚಿತ್ರ ಬಹಳ ಮೊದಲೇ ಸದ್ದಿಲ್ಲದೆ ಮಾಡಿಟ್ಟಿರುತ್ತದೆ. ನಿರ್ದೇಶಕ ಪಾಲ್ ಹ್ಯಾಗಿಸ್ ಅವರೇ 2015ರಲ್ಲಿ, ತಮ್ಮದು ಆ ವರ್ಷದ ಅತ್ಯುತ್ತಮ ಚಿತ್ರ ಅಂತ ತಮಗೆ ಅನ್ನಿಸುವುದಿಲ್ಲ ಎಂದರು.

ಪ್ರಚಾರದ ಮಾತು ಬಂದರೆ 1999ರ ಮಾರ್ಚ್ ಬಿಡುವಂತಿಲ್ಲ. ಜುಲೈನಲ್ಲಿ ಬಂದು ವರ್ಷವಿಡೀ ಮುಂದಿದ್ದ ಸ್ಪೀಲ್‌ಬರ್ಗ್ ಅವರ ‘ಸೇವಿಂಗ್ ಪ್ರೈವೇಟ್ ರಯಾನ್’ ಅನ್ನು ಡಿಸೆಂಬರ್‌ನಲ್ಲಿ ಬಂದ ‘ಶೇಕ್ಸ್‌ಪಿಯರ್ ಇನ್ ಲವ್’ ಸೋಲಿಸಿತು. ಮಿರಾಮ್ಯಾಕ್ಸ್ ಸಂಸ್ಥೆ ಮತಯಾಚನೆಯನ್ನು ರಾಜಕೀಯ ಪಕ್ಷದ ಹಾಗೆ ನಡೆಸಿತ್ತು: ಜಾಹೀರಾತು, ಔತಣಕೂಟ, ಸದಸ್ಯರಿಗೆ ಫೋನ್ ಕರೆ. ಊರು ಹಾಳಾದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಅಕಾಡೆಮಿ ಪ್ರಚಾರದ ನಿಯಮಗಳನ್ನು ಆಮೇಲೆ ಬಿಗಿ ಮಾಡಿತು. ಆದರೆ ಇದು ಅನ್ಯಾಯ ಅಂತ ನಾನು ಒಪ್ಪುವುದಿಲ್ಲ. ಸ್ಪೀಲ್‌ಬರ್ಗ್ ಚಿತ್ರದ ಮೊದಲ ಅರ್ಧ ಗಂಟೆ, ನಾರ್ಮಂಡಿ ಕಡಲತಡಿಯ ಆ ಕಾಳಗ, ಯುದ್ಧಚಿತ್ರಗಳ ಚಹರೆಯನ್ನೇ ಬದಲಿಸಿತು. ಆಮೇಲಿನ ಎರಡು ಗಂಟೆ ಮಾಮೂಲಿ ದಳದ ಕಥೆ. ‘ಶೇಕ್ಸ್‌ಪಿಯರ್’ನ ಚಿತ್ರಕಥೆ ಮೊದಲಿನಿಂದ ಕೊನೆತನಕ ಬಿಗಿಯಾಗಿದೆ. ಇನ್ನೊಂದು ವಿಷಯ: ಆ ವರ್ಷದ ಐದು ಚಿತ್ರಗಳಲ್ಲಿ ಮೂರು ಎರಡನೇ ಮಹಾಯುದ್ಧದ ಕಾಲದವು. ಒಬ್ಬರಿಗೆ ಒಂದೇ ಮತ ಇರುವಲ್ಲಿ ಇದು ನಮ್ಮ ಊರಿನ ಚುನಾವಣೆಯ ಹಾಗೆಯೇ ಮತ ವಿಭಜನೆಗೆ ದಾರಿ.

ಈ ಪದ್ಧತಿ ಬದಲಾದದ್ದು 2010ರ ಸಮಾರಂಭಕ್ಕೆ. ‘ದ ಡಾರ್ಕ್ ನೈಟ್’ ಹಿಂದಿನ ವರ್ಷ ಅಂತಿಮ ಪಟ್ಟಿಗೇ ಬರದೆ ಹೋದ ಗಲಾಟೆಯ ಬೆನ್ನಿಗೆ ಪಟ್ಟಿ ಐದರಿಂದ ಹತ್ತಕ್ಕೆ ಏರಿತು, ಜೊತೆಗೆ ಪ್ರಾಶಸ್ತ್ಯದ ಮತ ಬಂತು. ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಮತ ಹಾಕಿದವರಿಗೆ ಇದು ಹೊಸದಲ್ಲ. ಹೆಸರುಗಳ ಮುಂದೆ 1, 2, 3 ಅಂತ ಬರೆಯುತ್ತಾ ಹೋಗುವುದು.

ಎಣಿಕೆ ಹೇಗೆ ಅಂದರೆ, ನೂರು ಮತಪತ್ರ, ಮೂರು ಚಿತ್ರ ಅಂದುಕೊಳ್ಳಿ. ಹೆಸರು ಮಲ್ಲಿಗೆ, ಸಂಪಿಗೆ, ಕನಕಾಂಬರ ಇರಲಿ. ಮೊದಲ ಪ್ರಾಶಸ್ತ್ಯದಲ್ಲಿ ಮಲ್ಲಿಗೆಗೆ 40, ಸಂಪಿಗೆಗೆ 35, ಕನಕಾಂಬರಕ್ಕೆ 25. ಹಳೆಯ ಲೆಕ್ಕದಲ್ಲಿ ಇಲ್ಲಿಗೇ ಮಲ್ಲಿಗೆ ಗೆದ್ದಂತೆ. ಹೊಸ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಯಾರಿಗೂ ಬಂದಿಲ್ಲವಾದ್ದರಿಂದ ಕೊನೆಯ ಕನಕಾಂಬರ ಹೊರಕ್ಕೆ. ಅದರ 25 ಮತಪತ್ರ ತೆಗೆದು ಎರಡನೇ ಹೆಸರು ನೋಡುತ್ತಾರೆ. 20ರಲ್ಲಿ ಸಂಪಿಗೆ, 5ರಲ್ಲಿ ಮಲ್ಲಿಗೆ. ಈಗ ಸಂಪಿಗೆ 55, ಮಲ್ಲಿಗೆ 45. ಸಂಪಿಗೆ ಗೆದ್ದಿತು. ಹತ್ತು ಚಿತ್ರವಿದ್ದರೆ ಇದೇ ಕೆಲಸ ಮತ್ತೆ ಮತ್ತೆ.

ಇಲ್ಲಿ ಜನ ಎರಡು ಕಡೆ ಎಡವುತ್ತಾರೆ. ಎಲ್ಲರ ಎರಡನೇ ಆಯ್ಕೆಯಾದರೆ ಸಾಕು ಅಂದುಕೊಳ್ಳುತ್ತಾರೆ. ಹಾಗಲ್ಲ, ಮೊದಲ ಸುತ್ತಿನಲ್ಲಿ ಗಟ್ಟಿ ಬೆಂಬಲ ಇಲ್ಲದಿದ್ದರೆ ಚಿತ್ರ ಆರಂಭದಲ್ಲೇ ಹೊರಬೀಳುತ್ತದೆ, ಬೇರೆಯವರ ಮತಪತ್ರಗಳಲ್ಲಿ ಅದಕ್ಕೆ ಬಂದ ಎರಡನೇ ಪ್ರಾಶಸ್ತ್ಯಗಳು ತೆರೆಯದ ಗಂಟು. ಎರಡನೆಯದು, ಒಂದೇ ಹೆಸರು ಬರೆದು ಸುಮ್ಮನಾಗುವುದು. ಆ ಚಿತ್ರ ಹೊರಬಿದ್ದಾಗ ಆ ಮತಪತ್ರವೂ ಎಣಿಕೆಯಿಂದ ಹೊರಗೆ. ಗಮನಿಸಿ, ಮಲ್ಲಿಗೆಯ ನಲವತ್ತು ಜನರ ಎರಡನೇ ಆಯ್ಕೆಯನ್ನು ಯಾರೂ ನೋಡಲೇ ಇಲ್ಲ.

ಈ ಪದ್ಧತಿಯಲ್ಲಿ ಏಟು ತಿನ್ನುವುದು, ಕೆಲವರು ತಲೆಯ ಮೇಲೆ ಹೊರುವ, ಮಿಕ್ಕವರು ದೂರ ತಳ್ಳುವ ಚಿತ್ರ. ಯಾರನ್ನೂ ನೋಯಿಸದ ಚಿತ್ರಕ್ಕೆ ಲಾಭ. 2019ರಲ್ಲಿ ‘ಗ್ರೀನ್ ಬುಕ್’ ಗೆದ್ದದ್ದನ್ನು ನಾನು ಅರ್ಥ ಮಾಡಿಕೊಳ್ಳುವುದು ಹೀಗೆ. ಎದುರಿಗೆ ಅಲ್ಫಾನ್ಸೊ ಕ್ವಾರೋನ್ ಅವರ ‘ರೋಮಾ’ ಇತ್ತು: ಕಪ್ಪು ಬಿಳುಪು, ಸ್ಪ್ಯಾನಿಷ್ ಭಾಷೆ, ನಿಧಾನ ಲಯ, ಮೇಲಾಗಿ ನೆಟ್‌ಫ್ಲಿಕ್ಸ್‌ನದು. ಚಿತ್ರಮಂದಿರವನ್ನೇ ನಂಬಿದ ಹಳಬರಿಗೆ ಆ ಕೊನೆಯದು ಸಾಕಿತ್ತು. ನಿರ್ದೇಶನ, ಛಾಯಾಗ್ರಹಣ, ವಿದೇಶಿ ಭಾಷಾ ಚಿತ್ರ ಮೂರೂ ‘ರೋಮಾ’ಕ್ಕೆ ಬಂದವು. ‘ಗ್ರೀನ್ ಬುಕ್’ ನಿರ್ದೇಶಕ ಪೀಟರ್ ಫ್ಯಾರೆಲಿಗೆ ನಿರ್ದೇಶನಕ್ಕೆ ನಾಮನಿರ್ದೇಶನವೂ ಇರಲಿಲ್ಲ. ನಿರ್ದೇಶಕರನ್ನು ನಾಮನಿರ್ದೇಶನ ಮಾಡುವುದು ನಿರ್ದೇಶಕರ ವಿಭಾಗ ಮಾತ್ರ, ಅತ್ಯುತ್ತಮ ಚಿತ್ರಕ್ಕೆ ಮತ ಹಾಕುವುದು ಎಲ್ಲರೂ. ಕಸುಬುದಾರರ ಕಣ್ಣಿಗೂ ಮಹಾಸಭೆಯ ಕಣ್ಣಿಗೂ ಇರುವ ಅಂತರ ಅಲ್ಲಿ ಬಯಲಾಗುತ್ತದೆ. ಕಪ್ಪು ಜನಾಂಗದ ಪಿಯಾನೊ ವಾದಕ ಡಾನ್ ಶರ್ಲಿ ಮತ್ತು ಅವರ ಬಿಳಿಯ ಚಾಲಕನ ಈ ಕಥೆಯನ್ನು ಬರೆದವರಲ್ಲಿ ಆ ಚಾಲಕನ ಮಗನೂ ಒಬ್ಬ. ಶರ್ಲಿಯವರ ಮನೆಯವರು ಚಿತ್ರವನ್ನು ಬಲವಾಗಿ ಆಕ್ಷೇಪಿಸಿದರು. ಕಥೆ ಯಾರ ಸೀಟಿನಿಂದ ಕಾಣುತ್ತಿದೆ ಅಂತ ನೋಡಿದರೆ ಆಕ್ಷೇಪ ಅರ್ಥವಾಗುತ್ತದೆ.

ಆ ರಾತ್ರಿ ಸಭಾಂಗಣದಲ್ಲಿ ಕಪ್ಪು ಜನಾಂಗದ ನಿರ್ದೇಶಕ ಸ್ಪೈಕ್ ಲೀ ಇದ್ದರು. 1989ರಲ್ಲಿ ಅವರ ‘ಡು ದ ರೈಟ್ ಥಿಂಗ್’ ಅತ್ಯುತ್ತಮ ಚಿತ್ರದ ಪಟ್ಟಿಗೇ ಬಂದಿರಲಿಲ್ಲ. ಆ ವರ್ಷ ಗೆದ್ದದ್ದು ಬಿಳಿಯ ಮುದುಕಿ ಮತ್ತು ಅವಳ ಕಪ್ಪು ಚಾಲಕನ ಕಥೆ ‘ಡ್ರೈವಿಂಗ್ ಮಿಸ್ ಡೇಸಿ’. ಅದರ ನಿರ್ದೇಶಕರಿಗೂ ನಾಮನಿರ್ದೇಶನ ಇರಲಿಲ್ಲ. ಮೂವತ್ತು ವರ್ಷದ ಮೇಲೆ ಚಾಲಕ, ಯಜಮಾನ ಸೀಟು ಬದಲಿಸಿಕೊಂಡು ಮತ್ತೆ ಗೆದ್ದರು. ಯಾರಾದರೂ ಯಾರನ್ನಾದರೂ ಕಾರಿನಲ್ಲಿ ಕರೆದೊಯ್ದರೆ ತಮಗೆ ಸೋಲೇ ಎಂದು ಲೀ ಪತ್ರಕರ್ತರ ಮುಂದೆ ನಕ್ಕರು.

ಇನ್ನೊಂದು ಬಗೆಯ ಗೆಲುವು ಹಳೆ ಬಾಕಿ ಚುಕ್ತಾ ಮಾಡುವುದು. 1953ರ ಮಾರ್ಚ್‌ನಲ್ಲಿ, ಮೊದಲ ಬಾರಿಗೆ ಟಿವಿಯಲ್ಲಿ ಪ್ರಸಾರವಾದ ಆಸ್ಕರ್‌ನಲ್ಲಿ, ‘ದ ಗ್ರೇಟೆಸ್ಟ್ ಷೋ ಆನ್ ಅರ್ಥ್’ ಗೆದ್ದಿತು. ನಿರ್ದೇಶಕ ಸೆಸಿಲ್ ಬಿ. ಡಿಮಿಲ್ 1914ರಿಂದ ಚಿತ್ರ ಮಾಡುತ್ತಿದ್ದವರು, ಹಾಲಿವುಡ್ ಕಟ್ಟಿದವರಲ್ಲಿ ಒಬ್ಬರು. ಚಿತ್ರವೇನೋ ಎರಡೂವರೆ ಗಂಟೆಯ ಸರ್ಕಸ್ಸು, ಅರ್ಧ ಭಾಗ ಸರ್ಕಸ್ಸಿನ ಜಾಹೀರಾತಿನಂತಿದೆ, ಕೊನೆಗೆ ಒಂದು ರೈಲು ಅಪಘಾತ. ಸೋತದ್ದು ‘ಹೈ ನೂನ್’: 85 ನಿಮಿಷ, ಒಂದು ಗಡಿಯಾರ, ಯಾರೂ ಸಹಾಯಕ್ಕೆ ಬಾರದ, ಊರು ಕಾಯುವ ಒಬ್ಬ ಮಾರ್ಷಲ್. ಅದರ ಚಿತ್ರಕಥೆಗಾರ ಕಾರ್ಲ್ ಫೋರ್‌ಮನ್ ಕಮ್ಯೂನಿಸ್ಟರೆಂದು ಶಂಕಿಸಿದವರನ್ನು ಚಿತ್ರರಂಗದಿಂದ ಹೊರಗಿಡುವ ಆಗಿನ ಬೇಟೆಯಲ್ಲಿ ಕಪ್ಪುಪಟ್ಟಿಗೆ ಸೇರಿ ಇಂಗ್ಲೆಂಡಿಗೆ ಹೋಗಿಯಾಗಿತ್ತು. ಡಿಮಿಲ್ ಆ ಬೇಟೆಯ ಪರ ಗಟ್ಟಿ ದನಿ. ಮತ ಹಾಕುವವರಿಗೆ ಯಾವುದು ಕ್ಷೇಮ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ‘ಸಿಂಗಿನ್ ಇನ್ ದ ರೇನ್’ ಆ ವರ್ಷ ಪಟ್ಟಿಯಲ್ಲೇ ಇರಲಿಲ್ಲ. ಒಂದು ಮಾತು ಮಾತ್ರ ಡಿಮಿಲ್ ಪರವಾಗಿ: ಆ ರೈಲು ಅಪಘಾತವನ್ನು ಬಾಲ್ಯದಲ್ಲಿ ನೋಡಿ ಬೆಚ್ಚಿದ ಹುಡುಗ ಸ್ಪೀಲ್‌ಬರ್ಗ್. 2022ರ ‘ದ ಫೇಬಲ್‌ಮನ್ಸ್’ ಶುರುವಾಗುವುದೇ ಅಲ್ಲಿಂದ.

ಈ ಪಟ್ಟಿಯಲ್ಲಿ ಅತಿ ಹೆಚ್ಚು ಬೈಗುಳ ತಿಂದದ್ದು ಮಾತ್ರ ಬೈಗುಳಕ್ಕೆ ಅರ್ಹವಲ್ಲದ ಚಿತ್ರ. 1941ರ ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ಯನ್ನು ‘ಸಿಟಿಜನ್ ಕೇನ್’ ಅನ್ನು ಸೋಲಿಸಿದ ಚಿತ್ರ ಅಂತಷ್ಟೇ ಜನ ಬಲ್ಲರು. ಆರ್ಸನ್ ವೆಲ್ಸ್ ಅವರ ‘ಕೇನ್’ಗೆ ಒಂಬತ್ತು ನಾಮನಿರ್ದೇಶನ, ಸಿಕ್ಕಿದ್ದು ಚಿತ್ರಕಥೆಯ ಪ್ರಶಸ್ತಿ ಒಂದೇ. ಪತ್ರಿಕಾ ದೊರೆ ಹರ್ಸ್ಟ್ ತನ್ನನ್ನೇ ಕುರಿತ ಕಥೆಯೆಂದು ಕೆರಳಿ ತನ್ನ ಪತ್ರಿಕೆಗಳಲ್ಲಿ ಅದರ ಹೆಸರೂ ಬಾರದಂತೆ ಮಾಡಿದ್ದ. ಇದೆಲ್ಲ ನಿಜ. ಆದರೆ ಸಮಾರಂಭ ನಡೆದದ್ದು 1942ರ ಫೆಬ್ರುವರಿಯಲ್ಲಿ. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದು ಮೂರು ತಿಂಗಳೂ ಆಗಿರಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಮನೆ ಬಿಟ್ಟು ಹೋಗುವ, ತಂದೆ ಗಣಿಯಲ್ಲಿ ಸಾಯುವ ವೇಲ್ಸ್‌ನ ಕುಟುಂಬದ ಕಥೆಯನ್ನು ಜಾನ್ ಫೋರ್ಡ್ ಎಷ್ಟು ಸಂಯಮದಿಂದ ಹೇಳಿದ್ದಾರೆ ಅಂದರೆ, ಬೇರೆ ಯಾವುದೇ ವರ್ಷ ಗೆದ್ದಿದ್ದರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಗೆದ್ದದ್ದೇ ಅದಕ್ಕೆ ಮುಳುವಾಯಿತು.

ನೀವೇ ತೀರ್ಪು ಕೊಡಬೇಕೆಂದಿದ್ದರೆ ಗೆದ್ದ ಚಿತ್ರವನ್ನೂ ಸೋತದ್ದನ್ನೂ ಒಂದೇ ವಾರದಲ್ಲಿ ನೋಡಿ, ಸೋತದ್ದನ್ನು ಮೊದಲು. ಕೀರ್ತಿವಂತ ಚಿತ್ರ ಎರಡನೆಯದಾಗಿ ಬಂದರೆ ಮೊದಲಿನದಕ್ಕೆ ನ್ಯಾಯ ಸಿಗುವುದಿಲ್ಲ ಅನ್ನುವವರಿದ್ದಾರೆ, ಇಲ್ಲಿ ಕೀರ್ತಿ ಸೋತ ಚಿತ್ರದ್ದೇ ಆದ್ದರಿಂದ ಅದನ್ನೇ ಮೊದಲು ನೋಡುವುದು. ಪಟ್ಟಿಯಲ್ಲೇ ಇಲ್ಲದ ಚಿತ್ರಗಳನ್ನೂ ಮರೆಯಬೇಡಿ. 1958ರಲ್ಲಿ ‘ಜೀಜೀ’ ಒಂಬತ್ತಕ್ಕೆ ಒಂಬತ್ತೂ ಗೆದ್ದಿತು. ಅದೇ ವರ್ಷದ ಹಿಚ್‌ಕಾಕ್ ಚಿತ್ರ ‘ವರ್ಟಿಗೊ’ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿರಲಿಲ್ಲ. 2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ ಅದು ‘ಸಿಟಿಜನ್ ಕೇನ್’ ಅನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು.

ಡಿವಿಡಿ ಹಂಚುವ ಕಾಲ ಮುಗಿದಿದೆ. ಸದಸ್ಯರು ಈಗ ಅಕಾಡೆಮಿಯದೇ ಆನ್‌ಲೈನ್ ವೇದಿಕೆಯಲ್ಲಿ ಚಿತ್ರ ನೋಡುತ್ತಾರೆ. 2025ರಲ್ಲಿ ಹೊಸ ನಿಯಮವೂ ಬಂತು: ಒಂದು ವಿಭಾಗದ ಅಂತಿಮ ಮತ ಹಾಕಬೇಕಾದರೆ ಅದರಲ್ಲಿರುವ ಎಲ್ಲ ಚಿತ್ರಗಳನ್ನೂ ನೋಡಿರಲೇಬೇಕು. ಆನ್‌ಲೈನ್ ವೇದಿಕೆಯಲ್ಲಿ ನೋಡಿದರೆ ದಾಖಲೆ ತಾನಾಗಿ ಉಳಿಯುತ್ತದೆ. ಚಿತ್ರಮಂದಿರದಲ್ಲೋ ಉತ್ಸವದಲ್ಲೋ ನೋಡಿದ್ದೇನೆ ಅನ್ನುವವರು ಒಂದು ನಮೂನೆ ತುಂಬಿ, ಎಲ್ಲಿ, ಯಾವಾಗ ಅಂತ ಬರೆದು ಕೊಟ್ಟರೆ ಸಾಕು.

ನಮಸ್ಕಾರ.