ಗೇಟಿನ ಕ್ಯಾಮೆರಾಗೆ ಅಕ್ಕನ ಗುರುತು ಸಿಗಲಿಲ್ಲ

ನಮಸ್ಕಾರ ಎಲ್ಲರಿಗೂ. ಈಗ ಬೆಳಿಗ್ಗೆ 7 ಗಂಟೆ 10 ನಿಮಿಷ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ನಿಂತಿದ್ದೇನೆ. ಈ ಕಂಬ ಕಾಣಿಸುತ್ತಿದೆ ಅಲ್ವಾ, ಮೇಲೆ ಅಂಗೈ ಅಗಲದ ಒಂದು ಸ್ಕ್ರೀನ್ ಇದೆ ನೋಡಿ? ಕ್ಯಾಮೆರಾದಲ್ಲಿ ಮುಖ ಗುರುತಿಸಿ ಗೇಟ್ ತೆರೆಯುವ ಯಂತ್ರ ಇದು. ಹೋದ ತಿಂಗಳು ಇದರ ಮುಂದೆ ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕ 20 ನಿಮಿಷ ನಿಂತಿದ್ದರು. ಒಂಬತ್ತು ವರ್ಷದಿಂದ ಇದೇ ಗೇಟಲ್ಲಿ ಬಂದು ಹೋಗುತ್ತಿರುವವರು.

ಫೋನ್ ಮಾಡಿದರು. "ಅಕ್ಕಾ, ಇದು ನನ್ನ ಮುಖ ತಗೊಳ್ತಾನೇ ಇಲ್ಲ, ಸ್ವಲ್ಪ ಕೆಳಗೆ ಬರ್ತೀರಾ?" ನಾನು ಇಳಿದು ಬಂದಾಗ ಸ್ಕ್ರೀನ್ ಮೇಲೆ ಕೆಂಪು ಅಕ್ಷರ, ಪಕ್ಕದಲ್ಲಿ ಸೆಕ್ಯೂರಿಟಿ ಅಣ್ಣ ಕೈ ಕಟ್ಟಿಕೊಂಡು ನಿಂತಿದ್ದರು. ಅವರು ಹೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ: "ಇವರು ನನಗೆ ಚೆನ್ನಾಗಿ ಗೊತ್ತು ಮೇಡಂ, ಆದ್ರೆ ಸಿಸ್ಟಮ್ ಬಿಡ್ತಾ ಇಲ್ಲ." ಗುರುತು ಇರುವ ಮನುಷ್ಯನ ಕೈಯಲ್ಲಿ ಗೇಟ್ ಇಲ್ಲ, ಗೇಟ್ ಇರುವ ಯಂತ್ರಕ್ಕೆ ಗುರುತು ಸಿಗುತ್ತಿಲ್ಲ.

ಯಾಕೆ ಹೀಗಾಯಿತು ಅಂತ ತಿಳಿದುಕೊಳ್ಳೋಣ ಅಂತ ಕುಳಿತೆ. ಈ ಯಂತ್ರ ನಮ್ಮನ್ನು ನಾವು ಒಬ್ಬರನ್ನೊಬ್ಬರು ನೋಡುವ ಹಾಗೆ ನೋಡುವುದಿಲ್ಲ. ಮುಖವನ್ನು ಒಂದಷ್ಟು ಅಂಕಿಗಳಾಗಿ ಮಾಡಿಕೊಳ್ಳುತ್ತದೆ, ಮೊದಲ ದಿನ ಫೋಟೋ ತೆಗೆದಾಗ ಇಟ್ಟುಕೊಂಡ ಅಂಕಿಗಳ ಜೊತೆ ಹೋಲಿಸುತ್ತದೆ, ಎಷ್ಟು ಹೊಂದುತ್ತದೆ ಅಂತ ಒಂದು ಮಾರ್ಕ್ ಕೊಡುತ್ತದೆ. ಆ ಮಾರ್ಕ್ ಪಾಸ್ ಗೆರೆ ದಾಟಿದರೆ ಗೇಟ್ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಗೆರೆ ಎಲ್ಲಿರಬೇಕು ಅಂತ ಸೆಟ್ ಮಾಡುವುದು ಮನುಷ್ಯರೇ. ಮೇಲೆ ಏರಿಸಿದರೆ ಹೊರಗಿನವರು ನುಗ್ಗುವುದು ಕಡಿಮೆಯಾಗುತ್ತದೆ, ಆದರೆ ನಮ್ಮವರೇ ಜಾಸ್ತಿ ಹೊರಗೆ ನಿಲ್ಲುತ್ತಾರೆ. ಕೆಳಗೆ ಇಳಿಸಿದರೆ ಉಲ್ಟಾ. ಎರಡೂ ಒಟ್ಟಿಗೆ ಸೊನ್ನೆ ಆಗುವುದಿಲ್ಲ. ಇದನ್ನು ಮಾರಲು ಬಂದವರು ನಮಗೆ ಈ ವಿಷಯ ಬಾಯಿ ಬಿಟ್ಟು ಹೇಳಲಿಲ್ಲ.

ಇನ್ನು ಅಕ್ಕನ ವಿಷಯ. ಈ ಕ್ಯಾಮೆರಾ ಮುಖ ಮಾಡಿರುವುದು ಪೂರ್ವಕ್ಕೆ. ಅವರು ಬರುವ ಹೊತ್ತಿಗೆ ಸೂರ್ಯ ಸರಿಯಾಗಿ ಅವರ ಬೆನ್ನ ಹಿಂದೆ ಇರುತ್ತಾನೆ. ಈಗ ನಾನೇ ನಿಲ್ಲುತ್ತೇನೆ, ಸ್ಕ್ರೀನ್ ನೋಡಿ... ಕಂಡಿತಾ? ಸುತ್ತ ಬೆಳಕು, ಮಧ್ಯದಲ್ಲಿ ಮುಖ ಬರೀ ಕಪ್ಪು ನೆರಳು. ಅವರ ಮೈಬಣ್ಣ ನನಗಿಂತ ಕಪ್ಪು. ಅದರ ಮೇಲೆ ಚಳಿಗೆ ತಲೆ ಸುತ್ತ ಕಟ್ಟಿಕೊಂಡ ಸ್ಕಾರ್ಫ್. ಬೆರಳಚ್ಚು ಇಡೋಣ ಅಂದರೆ ವರ್ಷಗಟ್ಟಲೆ ಪಾತ್ರೆ ತೊಳೆದ ಕೈ, ಬೆರಳಿನ ಗೆರೆಗಳು ಸವೆದು ಹೋಗಿವೆ. ರೇಷನ್ ಅಂಗಡಿಯಲ್ಲೂ ಅವರಿಗೆ ಇದೇ ಗೋಳು.

ಮೈಬಣ್ಣದ ಮಾತನ್ನು ಸುಮ್ನೆ ಹೇಳುತ್ತಿಲ್ಲ. 2018ರಲ್ಲಿ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ಸಾಫ್ಟ್‌ವೇರ್‌ಗಳನ್ನು ಪರೀಕ್ಷೆ ಮಾಡಿದರು. ಬಿಳಿ ಮೈಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇಕಡಾ 0.8. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಶೇಕಡಾ 34.7ರ ತನಕ. ಆಮೇಲೆ ಸಾಫ್ಟ್‌ವೇರ್‌ಗಳು ಸುಧಾರಿಸಿವೆ, ನಿಜ. ಆದರೆ ನಮ್ಮ ಗೇಟಿಗೆ ಬಂದಿರುವುದು ಎಷ್ಟು ಸುಧಾರಿಸಿದ್ದು ಅಂತ ಕೇಳಿದರೆ, ನಮ್ಮ ಅಸೋಸಿಯೇಷನ್‌ನಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅಟ್ಲಾಂಟಿಕ್ ಪ್ಲಾಜಾ ಟವರ್ಸ್ ಅಂತ ಒಂದು ವಸತಿ ಸಮುಚ್ಚಯ ಇದೆ. ಅಲ್ಲಿನ ಮಾಲೀಕರು ಬಾಗಿಲಿಗೆ ಮುಖ ಗುರುತಿಸುವ ಯಂತ್ರ ಹಾಕಲು ಹೊರಟಾಗ ಬಾಡಿಗೆಗೆ ಇದ್ದವರು ಒಟ್ಟಾಗಿ ವಿರೋಧ ಮಾಡಿದರು, 2019ರಲ್ಲಿ ಮಾಲೀಕರು ಆ ಯೋಜನೆ ಕೈಬಿಟ್ಟರು. ಅಲ್ಲಿ ಬಾಡಿಗೆದಾರರಿಗೆ ಎದ್ದು ನಿಲ್ಲುವ ಶಕ್ತಿ ಇತ್ತು. ನಮ್ಮ ಗೇಟಿನಲ್ಲಿ ಜಾಸ್ತಿ ತೊಂದರೆ ಪಡುವವರು ಮೀಟಿಂಗ್‌ಗೆ ಬರುವವರೇ ಅಲ್ಲ. 2023ರ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯ್ದೆ, ಒಪ್ಪಿಗೆ ಅನ್ನುವುದು ಸ್ವಂತ ಇಷ್ಟದಿಂದ ಕೊಟ್ಟದ್ದಾಗಿರಬೇಕು ಅನ್ನುತ್ತದೆ. ಮುಖ ಕೊಡದಿದ್ದರೆ ನಾಳೆಯಿಂದ ಒಳಗೆ ಬಿಡಲ್ಲ ಅಂದಾಗ ಅಕ್ಕ ತಲೆಯಾಡಿಸಿದರಲ್ಲ, ಅದನ್ನು ಒಪ್ಪಿಗೆ ಅಂತ ಹೇಗೆ ಕರೆಯುವುದು ಹೇಳಿ.

ಬನ್ನಿ, ಲಾಬಿಗೆ ಹೋಗೋಣ. ಇನ್ನೊಂದು ತೋರಿಸಬೇಕು.

ಈ ಗಾಜಿನ ಬಾಗಿಲಿನ ಮೇಲ್ಗಡೆ ಉದ್ದದ ಪಟ್ಟಿ ಇದೆಯಲ್ಲ, ಅದು ಮ್ಯಾಗ್ನೆಟ್ ಲಾಕ್. ಬಾಗಿಲು ಹಾಕಿದಾಗ 'ಟಕ್' ಅಂತ ಹಿಡಿಯುತ್ತದೆ, ಕೇಳಿ. ಸಾಮಾನ್ಯವಾಗಿ ಸಿಗುವ 600 ಪೌಂಡಿನ ಲಾಕ್ ಅಂದರೆ ಸುಮಾರು 270 ಕೆಜಿ ಬಲದ ಹಿಡಿತ, ಒಬ್ಬರು ಎಳೆದರೆ ಬರುವುದಲ್ಲ. ಕರೆಂಟ್ ಇರುವ ತನಕ ಮಾತ್ರ ಈ ಹಿಡಿತ, ಕರೆಂಟ್ ಹೋದರೆ ತಾನಾಗಿ ಬಿಡುತ್ತದೆ. ಆದರೆ ನಮ್ಮಲ್ಲಿ ಬ್ಯಾಟರಿ ಬ್ಯಾಕಪ್ ಇದೆ, ಹಾಗಾಗಿ ಕರೆಂಟ್ ಹೋದರೂ ಬಿಡುವುದಿಲ್ಲ. ಬೆಂಕಿ ಬಿದ್ದರೆ? ಫೈರ್ ಅಲಾರಂ ಹೊಡೆದ ತಕ್ಷಣ ಲಾಕಿಗೆ ಹೋಗುವ ಕರೆಂಟ್ ಕಟ್ ಆಗುವ ಹಾಗೆ ವೈರ್ ಮಾಡಿರಬೇಕು, ಜೊತೆಗೆ ಬಾಗಿಲ ಪಕ್ಕ ಒತ್ತಿದರೆ ಲಾಕ್ ಬಿಡುವ ಒಂದು ಹಸಿರು ಡಬ್ಬಿ ಇರಬೇಕು. ನಮ್ಮ ಟವರಿನಲ್ಲಿ ಆ ಡಬ್ಬಿ ಇತ್ತು. ಅದರ ಮೇಲೆ ಗಣೇಶನ ಹಬ್ಬದ ಚಂದಾ ನೋಟಿಸ್ ಅಂಟಿಸಿದ್ದರು! ಕಿತ್ತು ನೋಡಿದಾಗಲೇ ನನಗೆ ಗೊತ್ತಾಗಿದ್ದು. ಎದುರು ಮನೆಯ ಅಜ್ಜಿ ವಾಕರ್ ಹಿಡಿದು ನಡೆಯುವವರು, ಹೊಗೆಯಲ್ಲಿ ಅವರು ಈ ಡಬ್ಬಿಯನ್ನು ಹೇಗೆ ಹುಡುಕುತ್ತಿದ್ದರು?

ದಯವಿಟ್ಟು ಇವತ್ತೇ ನಿಮ್ಮ ಬಿಲ್ಡಿಂಗಿನಲ್ಲಿ ಹೋಗಿ ಇದೊಂದನ್ನು ನೋಡಿ. ಅಲಾರಂ ಟೆಸ್ಟ್ ಮಾಡಿಸಿದಾಗ ಬಾಗಿಲು ನಿಜವಾಗಿ ಬಿಡುತ್ತದಾ ಅಂತ ಕೈಯಿಂದ ತಳ್ಳಿ ನೋಡಿ.

ನಮ್ಮಲ್ಲಿ ಎರಡು ಮೀಟಿಂಗ್ ಆದ ಮೇಲೆ ಮೂರು ಬದಲಾವಣೆ ಆಯಿತು. ಕ್ಯಾಮೆರಾದ ಮೇಲೆ ಒಂದು ತಗಡಿನ ಚಪ್ಪರ, ಬದಿಗೆ ಒಂದು ಲೈಟ್. ಮುಖ ಕೊಡಲು ಇಷ್ಟ ಇಲ್ಲದವರಿಗೆ ಕಾರ್ಡ್. ಮತ್ತೆ ಸೆಕ್ಯೂರಿಟಿ ಅಣ್ಣನ ಮೇಜಿನ ಮೇಲೆ ಗೇಟ್ ತೆರೆಯುವ ಒಂದು ಬಟನ್, ಪಕ್ಕದಲ್ಲಿ ಹಳೆಯ ರಿಜಿಸ್ಟರ್. ಯಾರಿಗೆ ಯಾಕೆ ತೆರೆದೆ ಅಂತ ಒಂದು ಸಾಲು ಬರೆಯಬೇಕು, ಅಷ್ಟೇ. ಕೆಲಸ ಬಿಟ್ಟು ಹೋದವರ ಮುಖದ ಅಂಕಿಗಳನ್ನು ಅಳಿಸುವವರು ಯಾರು ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ, ಮುಂದಿನ ಭಾನುವಾರ ಮತ್ತೆ ಕೇಳುತ್ತೇನೆ.

ಅಗೋ, ಅಕ್ಕ ಬಂದರು. ಸ್ಕ್ರೀನ್ ನೋಡಿ... ಇವತ್ತೂ ಕೆಂಪು. ಅಣ್ಣ ರಿಜಿಸ್ಟರ್ ಎಳೆದುಕೊಂಡರು, ಬರೆದರು, ಬಟನ್ ಒತ್ತಿದರು. "ಹೋಗಿ ಅಕ್ಕಾ."