ಆಶ್ರಮದ ಹಿರಿಯರಿಗೆ ಹುಷಾರಿಲ್ಲ: ಆಸ್ಪತ್ರೆಗೆ ಕಳಿಸಬೇಕೆ?

ಕೇಳುಗರಿಗೆ ನಮಸ್ಕಾರ.

ವೃದ್ಧಾಶ್ರಮದಲ್ಲಿ ಬೆಳಗಿನ ಕಾಫಿ ಕೊಡಲು ಹೋದವರು ವಾಪಸ್ ಬಂದು, "ಅಜ್ಜಿ ಯಾಕೋ ಮಂಕಾಗಿದ್ದಾರೆ, ಕಾಫಿ ಬೇಡ ಅಂದ್ರು" ಎನ್ನುತ್ತಾರೆ. ಜ್ವರವಿಲ್ಲ, ನೋವಿನ ಮಾತಿಲ್ಲ. ಕಳಿಸಬೇಕೆ, ಕಾಯಬೇಕೆ? ಹಾಸನ ಜಿಲ್ಲೆಯ ಆಶ್ರಮಗಳಲ್ಲಿ ಹಗಲಿರುಳು ಆರೈಕೆ ಮಾಡುವವರಿಗಾಗಿ ಈ ಹೊತ್ತಿನ ಮಾತು.

ಆ ಮಂಕನ್ನು ಹಗುರವಾಗಿ ಕಾಣಬೇಡಿ. ಎಂಬತ್ತು ದಾಟಿದವರಿಗೆ ನ್ಯುಮೋನಿಯಾ ಆದರೂ ಮೈ ಬಿಸಿಯಾಗದೆ ಇರಬಹುದು. ಮೂತ್ರದ ಸೋಂಕಾದರೂ ಅವರು ಉರಿ ಎನ್ನದೆ ಇರಬಹುದು. ನಿನ್ನೆ ಸರಿಯಾಗಿ ಮಾತಾಡಿದವರು ಇವತ್ತು ತಡವರಿಸಿದರೆ, ಊಟ ಬಿಟ್ಟರೆ, ಏಳಲಾರದೆ ಹೋದರೆ ಅದನ್ನೇ ಕಾಯಿಲೆಯ ಮೊದಲ ಗುರುತೆಂದು ಹಿಡಿಯಿರಿ. "ವಯಸ್ಸಾಯ್ತಲ್ಲ" ಎಂದು ಬಿಟ್ಟುಬಿಟ್ಟಾಗಲೇ ಅನಾಹುತವಾಗುವುದು.

ಮೊದಲು ಉಸಿರು ಎಣಿಸಿ. ಎಣಿಸುತ್ತಿದ್ದೇನೆ ಎಂದು ಹೇಳಬೇಡಿ, ಹೇಳಿದರೆ ಲಯ ಬದಲಾಗುತ್ತದೆ. ನಾಡಿ ನೋಡುವವರಂತೆ ಕೈ ಹಿಡಿದು, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಗಮನಿಸಿ. 12ರಿಂದ 20 ಸಾಮಾನ್ಯ. 25 ಮುಟ್ಟಿದರೆ, ಬೇರೆಲ್ಲ ಸರಿ ಕಂಡರೂ 108ಕ್ಕೆ ಕರೆ ಮಾಡಿ. ರಕ್ತದ ಆಮ್ಲಜನಕ ತೋರಿಸುವ ಆಕ್ಸಿಮೀಟರ್‌ನ ಅಂಕಿ 92ಕ್ಕಿಂತ ಇಳಿದರೂ ಹಾಗೆಯೇ. ಆದರೆ ಸಕಲೇಶಪುರದ ಕಡೆಯ ಮಳೆ ಚಳಿಯಲ್ಲಿ ತಣ್ಣಗಾದ ಬೆರಳು ಸುಳ್ಳು ಅಂಕಿ ತೋರಿಸುವುದುಂಟು. ಕೈ ಉಜ್ಜಿ ಬೆಚ್ಚಗೆ ಮಾಡಿ, ಮದರಂಗಿ ಇಲ್ಲದ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ.

ಹಳೆಯ ಶ್ವಾಸಕೋಶದ ಕಾಯಿಲೆ ಇರುವ ಕೆಲವರಿಗೆ ಆಕ್ಸಿಮೀಟರ್ ಅಂಕಿ 88ರಿಂದ 92 ಮಾಮೂಲಿಯೇ. ಬಿಪಿಯ ಮೇಲಿನ ಅಂಕಿ ಸದಾ 150 ಇರುವವರಿಗೆ 105 ಕೂಡ ದೊಡ್ಡ ಇಳಿತ. ಹಾಗಾಗಿ ಚೆನ್ನಾಗಿರುವಾಗಲೇ ತಿಂಗಳಿಗೊಮ್ಮೆ ಪ್ರತಿಯೊಬ್ಬರ ಅಂಕಿ ಬರೆದಿಡಿ. ಮಾಮೂಲಿ ಏನೆಂದು ತಿಳಿಯದೆ ಏರುಪೇರು ತಿಳಿಯುವುದಿಲ್ಲ.

ಮಂಕಾದ ಎಲ್ಲರ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದು, ನುಂಗಬಲ್ಲವರಾದರೆ, ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. ಶುಗರ್ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಾದರೆ ಶುಗರ್ ಏರಿದ ಮೇಲೂ ಆಸ್ಪತ್ರೆಗೆ ಕಳಿಸಿ. ಮೂತ್ರಪಿಂಡ ಸೋತವರಲ್ಲಿ ಆ ಮಾತ್ರೆ ಮೈಯಲ್ಲಿ ಉಳಿದು, ಮಧ್ಯರಾತ್ರಿ ಶುಗರ್ ಮತ್ತೆ ಕುಸಿಯಬಹುದು.

ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಅದು ಲಕ್ವದ ಗುರುತು, ಚರ್ಚೆಯೇ ಬೇಡ, ಕಳಿಸಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ಆ ಗಡುವು ಶುರುವಾಗುವುದು ನೀವು ಕಂಡಾಗಲ್ಲ, ಅವರು ಕೊನೆಯ ಬಾರಿ ಸರಿ ಇದ್ದಾಗಿನಿಂದ. ಆ ಹೊತ್ತನ್ನು ಚೀಟಿಯಲ್ಲಿ ಬರೆದು ಕಳಿಸಿ. ಬಿದ್ದವರ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು, ಎತ್ತಿ ನಿಲ್ಲಿಸಬೇಡಿ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರ ತಲೆಗೆ ಪೆಟ್ಟಾದರೆ, ನಗುತ್ತ ಮಾತಾಡುತ್ತಿದ್ದರೂ ಕಳಿಸಲೇಬೇಕು.

ಎಲ್ಲದಕ್ಕೂ ಕಳಿಸುವುದೂ ಸರಿಯಲ್ಲ. ಮರೆವಿನ ಕಾಯಿಲೆಯವರು ಹೊಸ ಜಾಗ, ಹೊಸ ಮುಖ ಕಂಡು ಇನ್ನಷ್ಟು ಗಾಬರಿಯಾಗುತ್ತಾರೆ. ವಾರವಿಡೀ ಮಲಗಿದವರಿಗೆ ನಡೆಯುವ ಶಕ್ತಿಯೇ ಹೋಗಬಹುದು, ಬೆನ್ನಲ್ಲಿ ಹುಣ್ಣಾಗಬಹುದು. ತುಸು ಜ್ವರ, ಆದರೆ ಗಂಜಿ ಸೇರುತ್ತಿದೆ, ಉಸಿರು ನೆಟ್ಟಗಿದೆ ಎಂದರೆ ವೈದ್ಯರಿಗೆ ಫೋನಿನಲ್ಲಿ ಅಂಕಿ ಹೇಳಿ, ನಾಲ್ಕು ಗಂಟೆಗೊಮ್ಮೆ ಮತ್ತೆ ನೋಡಿ. ಅನುಮಾನ ಉಳಿದರೆ ಸಂಜೆಯೊಳಗೇ ತೀರ್ಮಾನಿಸಿ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಮಳೆಗಾಲದ ರಾತ್ರಿ ದಾರಿಗೆ ಮರ ಬಿದ್ದರೆ ಗಂಟೆಗಳೇ ಹೋದಾವು.

ಹೋಗುವವರ ಜೊತೆ ಮಾತ್ರೆಗಳ ಹಾಳೆ, ಕನ್ನಡಕ, ಕಿವಿಯ ಯಂತ್ರ, ಹಲ್ಲುಸೆಟ್ಟು, ಪರಿಚಿತರೊಬ್ಬರು ಇರಲಿ.

"ಸಾಕಮ್ಮ, ಇನ್ನು ಆಸ್ಪತ್ರೆ ಬೇಡ" ಎನ್ನುವ ಹಿರಿಯರೂ ಇದ್ದಾರೆ. ಬುದ್ಧಿ ಸ್ಪಷ್ಟವಿರುವಾಗ ಅವರ ಮಾತೇ ಅಂತಿಮ, ಮಕ್ಕಳದ್ದಲ್ಲ. ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು, 2023ರಲ್ಲಿ ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಆಸ್ಪತ್ರೆ ಬೇಡವೆಂದರೆ ಆರೈಕೆ ಬೇಡವೆಂದಲ್ಲ: ವೈದ್ಯರು ಹೇಳಿದ ನೋವಿನ ಔಷಧ ಹೊತ್ತುಹೊತ್ತಿಗೆ ಸಲ್ಲಬೇಕು, ಒಣಗಿದ ಬಾಯಿ ಒರೆಸಬೇಕು. ಸೊಂಟದ ಮೂಳೆ ಮುರಿದರೆ ನೋವು ತಗ್ಗಿಸಲೆಂದೇ ಆಸ್ಪತ್ರೆ ಬೇಕಾಗಬಹುದು. ಚಿಕಿತ್ಸೆ ಬೇಡವೆಂದು ಬರೆದಿಟ್ಟ ಪತ್ರವನ್ನು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಟ್ಟರೆ ರಾತ್ರಿ ಪಾಳಿಯವರ ಕೈಗೆ ಸಿಗದು. ಅದರ ನಕಲು ಆ ಹಿರಿಯರ ದಾಖಲೆ ಪುಸ್ತಕದ ಮೊದಲ ಹಾಳೆಗೆ ಅಂಟಿರಲಿ.

ನಮಸ್ಕಾರ.